ದಾವಣಗೆರೆಯಿಂದ ಧರ್ಮಸ್ಥಳಕ್ಕೆ, ಸುತ್ತು ಹಾಕಿಕೊಂಡು

ಶುಕ್ರವಾರ ರಾತ್ರಿ ಮನೆ ಸೇರಿದೆವು. ಒಗೆಯೋ ಬಟ್ಟೆ ಇನ್ನೂ ಮುಗಿದಿಲ್ಲ. ಮರೆಯೋ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ. ಹೊರಡೋ ಮುಂಚೆ ಈ ದೇವಸ್ಥಾನ ಸುತ್ತಾಟದ ಬಗ್ಗೆ ನಾನು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಎಲ್ಲರದ್ದೂ ಒಂದೇ ಮಾತು: "ಅಯ್ಯ, ಅದೇನು ದೊಡ್ಡದು, ನಾಕು ದಿನದಾಗೆ ಎಲ್ಲಾ ಆಗ್ತತಿ ಬಿಡ್ರಿ." ಆಯಿತೇನೋ ಹೌದು. ಹೆಂಗಾಯಿತು ಅಂತ ಯಾರೂ ಮೊದಲೇ ಹೇಳಿರಲಿಲ್ಲ.

ಶುರುವಾಗಿದ್ದು 2021ರಲ್ಲಿ. ಕೊರೊನಾ ಎರಡನೇ ಅಲೆಯಲ್ಲಿ ನಮ್ಮ ಮಾವ ಆಸ್ಪತ್ರೆ ಸೇರಿದರು. 9 ದಿನ ಆಕ್ಸಿಜನ್ ಮೇಲಿದ್ದರು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಅತ್ತೆ ಮನೆಯಲ್ಲಿ ಒಂದು ಹಳದಿ ಬಟ್ಟೆ ಚೂರಿನಲ್ಲಿ 11 ರೂಪಾಯಿ ಕಟ್ಟಿ, ದೇವರ ಮನೆಯ ಮೊಳೆಗೆ ನೇತು ಹಾಕಿದರು. ಧರ್ಮಸ್ಥಳದ ಮಂಜುನಾಥನಿಗೆ ಮುಡುಪು. ಮಾವ ನಡೆದುಕೊಂಡೇ ಮನೆಗೆ ಬಂದರು. ಗಂಟು ಮಾತ್ರ ಅಲ್ಲೇ ನೇತಾಡುತ್ತಿತ್ತು. ಒಂದು ವರ್ಷ ಭತ್ತದ ಕೊಯ್ಲು, ಒಂದು ವರ್ಷ ನಾದಿನಿ ಮದುವೆ, ಒಂದು ವರ್ಷ ಅತ್ತೆ ಮಂಡಿನೋವು. ಕೊನೆಗೆ ಅತ್ತೆ ಕನಸಿನಲ್ಲಿ ಏನೋ ಕಂಡರಂತೆ. ಏನು ಅಂತ ಇವತ್ತಿಗೂ ಹೇಳಿಲ್ಲ. ಆದರೆ ಈ ಸಲ ಹೋಗಲೇಬೇಕು ಅಂದರು.

ಧರ್ಮಸ್ಥಳಕ್ಕೆ ಒಂದಕ್ಕೇ ಹೋಗಿ ಬಂದಿದ್ದರೆ ಇಷ್ಟು ಬರೆಯೋದೇ ಇರಲಿಲ್ಲ. "ಅಷ್ಟು ದೂರ ಹೋಗಿ ಕುಕ್ಕೆ ಬಿಟ್ಟು ಬರ್ತೀರಾ?" ಅಂತ ಚಿಕ್ಕತ್ತೆ ಶುರು ಮಾಡಿದರು. ನಾನು ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆ, ಯಾರಿಗೆ ಏನು ಬೇಕೋ ಬರೀರಿ ಅಂತ. ಅದೇ ನಾನು ಮಾಡಿದ ಮೊದಲ ತಪ್ಪು. ವಾರ ಕಳೆಯೋದರಲ್ಲಿ ಶೃಂಗೇರಿ, ಹೊರನಾಡು, ಕಳಸ, ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ಸಿಗಂದೂರು. ಒಟ್ಟು 11. ಹೋಗುವವರೂ 11 ಜನ. ತಲೆಗೊಂದು ದೇವರು!

ಗಾಡಿ ಮಾತಾಡಲು ಹೋದಾಗ ಆ ಹಾಳೆಯ ಫೋಟೋ ಡ್ರೈವರ್ ಅಣ್ಣನಿಗೆ ತೋರಿಸಿದೆ. ಘಾಟಿ ರಸ್ತೆಯಲ್ಲೇ ತಲೆ ನೆರೆಸಿಕೊಂಡ ಮನುಷ್ಯ. ಓದಿ ನಕ್ಕರು. "ಅಕ್ಕ, ಇದು ದೇವಸ್ಥಾನ ನೋಡೋ ಪ್ಲ್ಯಾನ್ ಅಲ್ಲ. ದೇವಸ್ಥಾನದ ಬೋರ್ಡ್ ನೋಡೋ ಪ್ಲ್ಯಾನ್."

ಅವರು ಹೇಳಿದ್ದು ಇಷ್ಟು. ಮ್ಯಾಪ್‌ನಲ್ಲಿ ಕಿಲೋಮೀಟರ್ ನೋಡಬೇಡಿ, ಬಾಗಿಲು ಹಾಕೋ ಹೊತ್ತು ನೋಡಿ. ಬಹುತೇಕ ಎಲ್ಲ ಕಡೆ ಮಧ್ಯಾಹ್ನ ಪೂಜೆಯಾದ ಮೇಲೆ ಗರ್ಭಗುಡಿ ಮುಚ್ಚುತ್ತಾರೆ. ಮತ್ತೆ ತೆಗೆಯೋದು ಸಂಜೆ ಕಡೆಗೆ. ಹಾಗಾಗಿ ಬೆಳಗ್ಗೆ ಒಂದು, ಸಂಜೆ ಒಂದು. ದಿನಕ್ಕೆ ಎರಡರ ಮೇಲೆ ಮೂರನೆಯದು ಸಿಕ್ಕರೆ ಅದು ಪುಣ್ಯ, ಪ್ಲ್ಯಾನ್ ಅಲ್ಲ. ಮನೆಗೆ ಬಂದು ಕಟೀಲು, ಮುರುಡೇಶ್ವರ, ಗೋಕರ್ಣದ ಮೇಲೆ ಗೆರೆ ಎಳೆದೆ. ಗೋಕರ್ಣ ಬರೆದಿದ್ದ ಮೈದುನ ಎರಡು ದಿನ ಮಾತು ಬಿಟ್ಟಿದ್ದ.

ಈಗ ಗಾಡಿ ಲೆಕ್ಕ. ಟೆಂಪೋ ಟ್ರಾವೆಲರ್, 13 ಸೀಟು, ಹಳದಿ ಬೋರ್ಡ್. ಬಿಳಿ ಬೋರ್ಡಿನ ಗಾಡಿ ಕಡಿಮೆಗೆ ಸಿಗುತ್ತೆ ಅಂತ ನಮ್ಮ ಮನೆಯವರ ಸ್ನೇಹಿತರು ಹೇಳಿದರು. ಬೇಡ ಅಂದೆ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಬಿಡೋದೇ ತಪ್ಪು. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಕಿಲೋಮೀಟರಿಗೆ 20 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 600. ಇಷ್ಟೇ ಕೇಳಿಕೊಂಡು ಬಂದಿದ್ದರೆ ಸಿಕ್ಕಿಬೀಳುತ್ತಿದ್ದೆವು. ದಿನಕ್ಕೆ 300 ಕಿಲೋಮೀಟರ್ ಮಿನಿಮಮ್ ಅಂತ ಒಂದು ಇರುತ್ತೆ. ಓಡಿಸದಿದ್ದರೂ ಅಷ್ಟಕ್ಕೆ ದುಡ್ಡು. ಮಲೆನಾಡಿನ ರಸ್ತೆಯಲ್ಲಿ ದಿನವಿಡೀ ಕೂತರೂ 300 ಆಗೋದು ಕಷ್ಟ. ಚೌಕಾಸಿ ಮಾಡಿ 250ಕ್ಕೆ ಇಳಿಸಿದೆವು. ನಮ್ಮದು ಒಟ್ಟು ಓಡಿದ್ದು 934, ಕೊಟ್ಟಿದ್ದು 1,000ಕ್ಕೆ. 300ರ ಲೆಕ್ಕವಾಗಿದ್ದರೆ ಇನ್ನೂ 4,000 ಹೋಗುತ್ತಿತ್ತು. ಮೀಟರ್ ಶುರುವಾಗೋದು ಅವರ ಶೆಡ್‌ನಿಂದ, ನಿಮ್ಮ ಮನೆಯಿಂದ ಅಲ್ಲ. ಬಾಟಾ ದಿನ ಬದಲಾಗೋದು ರಾತ್ರಿ 12ಕ್ಕೆ. ಇದೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅಂದಹಾಗೆ, ಮಾಲೀಕರು ನಮಗೆ ತೋರಿಸಿದ ಗಾಡಿಯೇ ಬೇರೆ, ಬೆಳಗಿನ ಜಾವ ಬಾಗಿಲಿಗೆ ಬಂದ ಗಾಡಿಯೇ ಬೇರೆ. ಹಿಂದಿನ ಎರಡು ಸೀಟು ಹಿಂದಕ್ಕೆ ಬಾಗುತ್ತಲೇ ಇರಲಿಲ್ಲ. ಅಡ್ವಾನ್ಸ್ ಕೊಡುವಾಗ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಬೇಕು ಅಂತ ಆಮೇಲೆ ಹೊಳೆಯಿತು.

ದಿನ ಗೊತ್ತು ಮಾಡೋದೇ ಒಂದು ದೊಡ್ಡ ಕೆಲಸ. ಮೊದಲು ಡಿಸೆಂಬರ್ 24ಕ್ಕೆ ಅಂದುಕೊಂಡಿದ್ದೆವು. ಐದು ದಿನ ಇರುವಾಗ ದಾಯಾದಿ ಕಡೆಯ ಅಜ್ಜ ಒಬ್ಬರು ತೀರಿಕೊಂಡರು. ಸೂತಕ. ಮಾವ ಒಂದೇ ಮಾತಿನಲ್ಲಿ ಮುಗಿಸಿದರು: "ಕ್ಯಾನ್ಸಲ್ ಮಾಡವ್ವಾ." ಗಾಡಿಯವರು ದಿನ ಬದಲಿಸಿಕೊಟ್ಟರು, ಅದಕ್ಕೆ ಅವರಿಗೆ ಕೈ ಮುಗಿಯಬೇಕು. ಕಳಸದ ಹತ್ತಿರ ಹಿಡಿದಿದ್ದ ಒಂದು ಹೋಂಸ್ಟೇಯವರು 2,000 ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಮುಂದಿನ ತಾರೀಕಿಗೂ ಹಾಕಿಕೊಳ್ಳಲಿಲ್ಲ. ಹಿರಿಯರಿರೋ ಕುಟುಂಬ ಅಂದ ಮೇಲೆ ಇಂಥದ್ದು ಬಂದೇ ಬರುತ್ತೆ. ದುಡ್ಡು ಹಾಕೋ ಮುಂಚೆ "ಸೂತಕ ಬಂದರೆ ಏನ್ಮಾಡ್ತೀರಿ?" ಅಂತ ನೇರವಾಗಿ ಕೇಳಿ. ಯಾರೂ ತಪ್ಪು ತಿಳಿಯಲ್ಲ.

ಇನ್ನೊಂದು ಲೆಕ್ಕ ಇದೆ, ಗಂಡಸರು ಯಾರೂ ಹಾಕಲ್ಲ. ಮನೆಯ ಹೆಣ್ಣುಮಕ್ಕಳ ತಿಂಗಳ ದಿನ. ನಾನು, ವಾರಗಿತ್ತಿ, ನಾದಿನಿ ಮೂವರೂ ಕ್ಯಾಲೆಂಡರ್ ಮುಂದೆ ಕೂತು, ಪಿಸುಗುಟ್ಟಿಕೊಂಡು, ಜನವರಿ ಕೊನೆ ವಾರ ಅಂತ ತೀರ್ಮಾನಿಸಿದೆವು. ಅದು ಬೇರೆ ಕಾರಣಕ್ಕೂ ಒಳ್ಳೇದೇ ಆಯಿತು. ಸಂಕ್ರಾಂತಿಯವರೆಗೆ ಎಲ್ಲ ಕಡೆ ಅಯ್ಯಪ್ಪ ಮಾಲೆಯವರ ಗಾಡಿಗಳೇ. 2026 ಸರಿ ಸಂಖ್ಯೆಯ ವರ್ಷ, ಉಡುಪಿಯಲ್ಲಿ ಜನವರಿ 18ಕ್ಕೆ ಪರ್ಯಾಯ, ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗೋ ಉತ್ಸವ. 26 ಸೋಮವಾರ ಬಿದ್ದಿತ್ತು, ಅಂದರೆ ಮೂರು ದಿನ ರಜೆಯ ಜಾತ್ರೆ. ಅದೆಲ್ಲ ದಾಟಿಸಿ 27 ಮಂಗಳವಾರ ಹೊರಡೋದು ಅಂತಾಯಿತು. ಮಂಗಳವಾರ ಆಗುತ್ತಾ ಅಂತ ಹೆದರುತ್ತಲೇ ಕೇಳಿದೆ. "ದುಗ್ಗಮ್ಮನ ವಾರ, ಒಳ್ಳೇದೇ" ಅಂದರು ಅತ್ತೆ. ಇಷ್ಟೆಲ್ಲ ಜಾಣತನ ಮಾಡಿದವಳು ನಾಲ್ಕನೇ ದಿನ ಶುಕ್ರವಾರ ಬೀಳುತ್ತೆ, ಆ ದಿನ ನಮ್ಮ ಪಟ್ಟಿಯಲ್ಲಿ ಎರಡೂ ಅಮ್ಮನವರ ಗುಡಿಯೇ ಇವೆ ಅನ್ನೋದನ್ನು ಮಾತ್ರ ಗಮನಿಸಲಿಲ್ಲ.

ಬೆಳಗ್ಗೆ 5ಕ್ಕೆ ದುಗ್ಗಮ್ಮನ ಗುಡಿ ಮುಂದೆ ಗಾಲಿಗೆ ನಿಂಬೆಹಣ್ಣು ಇಟ್ಟು ಹೊರಟೆವು. ಹರಿಹರದಲ್ಲಿ ಹರಿಹರೇಶ್ವರನಿಗೆ ಕೈ ಮುಗಿದೆವು. ಮೂರ್ತಿ ಅರ್ಧ ಶಿವ, ಅರ್ಧ ವಿಷ್ಣು. 1224ರ ಹೊಯ್ಸಳರ ಕಾಲದ ಗುಡಿ, ಮನೆಯಿಂದ 14 ಕಿಲೋಮೀಟರ್. ನಾನು ಒಳಗೆ ಕಾಲಿಟ್ಟು ಎಂಟು ವರ್ಷ ಆಗಿತ್ತು. ಅಲ್ಲಿಂದ ಹೊನ್ನಾಳಿ ಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ. ಶಿವಮೊಗ್ಗದಲ್ಲಿ ತಿಂಡಿಗೆ ಒಂದು ಗಂಟೆ ಹೋಯಿತು. 11 ಜನ ಕೈ ತೊಳೆಯೋಕೇ ಇಪ್ಪತ್ತು ನಿಮಿಷ ಬೇಕು. ಇದನ್ನು ಯಾವ ಮ್ಯಾಪೂ ಹೇಳಲ್ಲ.

ಶೃಂಗೇರಿ ಮುಟ್ಟಿದಾಗ ಮಧ್ಯಾಹ್ನ 1:10. ಓಡಿಕೊಂಡೇ ಹೋಗಿ ಶಾರದಾಂಬೆಯ ದರ್ಶನ ಮಾಡಿದೆವು. ಊಟ ಮಠದ ಭೋಜನಶಾಲೆಯಲ್ಲಿ. ಆಮೇಲೆ ನಿಧಾನಕ್ಕೆ ವಿದ್ಯಾಶಂಕರ ದೇವಸ್ಥಾನ. 12 ರಾಶಿಗಳ ಕಂಬ ಅಲ್ಲಿವೆ. ಯಾರ ರಾಶಿ ಯಾವುದು ಅಂತ ಹುಡುಕೋದರಲ್ಲಿ ಮಕ್ಕಳಿಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ತುಂಗೆಯ ಮೆಟ್ಟಿಲ ಹತ್ತಿರ ಮೀನಿಗೆ ಹಾಕೋಕೆ ಮಂಡಕ್ಕಿ ಮಾರುತ್ತಾರೆ. ಅತ್ತೆ ಒಂದು ಕಾಳು ಬಾಯಿಗೆ ಹಾಕಿ ನೋಡಿ, "ಇದೇನು ಮಂಡಕ್ಕಿನಾ, ಮೆತ್ತಗೈತಿ" ಅಂದರು. ನಮ್ಮದು ದಾವಣಗೆರೆ ಅಲ್ವಾ. ಮನೆಯಿಂದ ಒಂದು ಚೀಲ ಮಂಡಕ್ಕಿ ತಂದಿದ್ದೆವು. ಅತ್ತೆ ಅದನ್ನು ತೊಡೆ ಮೇಲಿಂದ ಇಳಿಸುತ್ತಲೇ ಇರಲಿಲ್ಲ. ಅದರಲ್ಲೇ ಎರಡು ಬೊಗಸೆ ತೆಗೆದು ನೀರಿಗೆ ಎಸೆದರು. ತೊಡೆ ಗಾತ್ರದ ಮೀನುಗಳು ಒಂದರ ಮೇಲೊಂದು ಬಿದ್ದವು. ಈ ಎರಡು ಬೊಗಸೆ ನೆನಪಿಟ್ಟುಕೊಳ್ಳಿ.

ಶೃಂಗೇರಿಯಿಂದ ಹೊರನಾಡಿಗೆ 70 ಕಿಲೋಮೀಟರ್ ಆಸುಪಾಸು. ಎರಡೂವರೆ ಗಂಟೆ ಹಿಡಿಯಿತು. ಬಾಳೆಹೊನ್ನೂರು ದಾಟಿದ ಮೇಲೆ ತಿರುವೋ ತಿರುವು. ನಾದಿನಿ, ನನ್ನ ಮಗಳು, ಚಿಕ್ಕತ್ತೆ, ಸಾಲಾಗಿ ವಾಂತಿ. ಮಾತ್ರೆ ತಂದಿದ್ದೆ, ಕೊಟ್ಟಿದ್ದು ಮಾತ್ರ ವಾಂತಿ ಆದ ಮೇಲೆ. ಹತ್ತೋಕೆ ಅರ್ಧ ಗಂಟೆ ಮುಂಚೆ ಕೊಡಬೇಕಂತೆ. ಊಟವಾದ ಮೇಲೆ ಘಾಟಿ ರಸ್ತೆ ಇಟ್ಟುಕೊಳ್ಳಲೇಬೇಡಿ. ಅದಾಗದಿದ್ದರೆ ಅರ್ಧ ಹೊಟ್ಟೆ ಊಟ ಮಾಡಿ. ಮಠದ ಪಾಯಸ ಎರಡೆರಡು ಸಲ ಹಾಕಿಸಿಕೊಂಡವರು ಯಾರು ಅಂತ ಇಲ್ಲಿ ಬರೆಯಲ್ಲ.

ಹೊರನಾಡಿನಲ್ಲಿ 3 ರೂಮಿಗೆ 3,600. ಗಂಡಸರು ಅಂಗಿ ಬಿಚ್ಚಿ ಶಲ್ಯ ಹೊದ್ದುಕೊಂಡು ಒಳಗೆ ಹೋಗಬೇಕು. ನನ್ನ ಮಗ ಒಂಬತ್ತನೇ ಕ್ಲಾಸು, ಅಂಗಿ ಬಿಚ್ಚಲು ನಾಚಿಕೆ. ಅವನ ತಾತನೇ ಮೊದಲು ಬಿಚ್ಚಿ ನಿಂತರು. ಈ ದಾರಿಯ ಮುಕ್ಕಾಲು ಗುಡಿಗಳಲ್ಲಿ ಇದೇ ಪದ್ಧತಿ. ಹಾಗಾಗಿ ಗಂಡಸರಿಗೆ ತಲಾ ಒಂದು ಪಂಚೆ, ಒಂದು ಟವೆಲ್ ಮೇಲಿನ ಬ್ಯಾಗಿನಲ್ಲೇ ಇರಲಿ. ರಾತ್ರಿ ಊಟ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲೇ.

ಬುಧವಾರ ಬೆಳಗ್ಗೆ ಕಳಸೇಶ್ವರ. ಮೆಟ್ಟಿಲು ಹತ್ತುವಾಗ ಅತ್ತೆಗೆ ಮಂಡಿ ಹಿಡಿದುಕೊಂಡಿತು. ಮಾವ ದೇವರಿಗಿಂತ ಜಾಸ್ತಿ ಹೊತ್ತು ನೋಡಿದ್ದು ಭದ್ರಾ ಹೊಳೆಯನ್ನು. ನಮ್ಮ ಗದ್ದೆ ಭದ್ರಾ ಚಾನಲ್‌ನ ಕೊನೆ ಭಾಗದಲ್ಲಿದೆ. ಪ್ರತಿ ಬೇಸಿಗೆ ಬೆಳೆಗೂ ನೀರು ಬಂತಾ, ಬರಲಿಲ್ವಾ ಅನ್ನೋದೇ ನಮ್ಮ ಮನೆಯ ಮಾತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋದು ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ಅಂತಾರೆ. ತುಂಗೆ-ಭದ್ರೆ ಕೂಡ್ಲಿಯಲ್ಲಿ ಸೇರಿ ಹರಿಹರಕ್ಕೆ ಬರುತ್ತವೆ. ಅಂದರೆ ನಾವು ಹಿಂದಿನ ದಿನವೆಲ್ಲ ನಮ್ಮೂರ ಹೊಳೆ ಹಿಡಿದುಕೊಂಡು ಮೇಲಕ್ಕೆ ಬಂದ ಹಾಗೆ. ಮಾವ ಚಪ್ಪಲಿ ಬಿಟ್ಟು ನೀರಿಗಿಳಿದರು. ಜನವರಿ ಹೊಳೆ, ಕಣಕಾಲು ಮುಳುಗೋಷ್ಟು. ಸುಮಾರು ಹೊತ್ತು ನಿಂತಿದ್ದು, "ಇಲ್ಲಿ ಯಾರೂ ತೂಬು ತಿರುಗಿಸಂಗಿಲ್ಲ ನೋಡು" ಅಂದರು. ಅವರನ್ನು ಎಬ್ಬಿಸಿಕೊಂಡು ಬರೋಕೆ ಮುಕ್ಕಾಲು ಗಂಟೆ ಹೋಯಿತು. ನನಗೆ ಸಿಟ್ಟೇನೂ ಬರಲಿಲ್ಲ.

ಕಳಸದಿಂದ ಧರ್ಮಸ್ಥಳಕ್ಕೆ ಎರಡು ದಾರಿ. ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿ ಘಾಟಿ ಇಳಿಯೋದು ಒಂದು. ಕುದುರೆಮುಖದ ಮೇಲೆ ಬಜಗೋಳಿ, ಬೆಳ್ತಂಗಡಿ ಇನ್ನೊಂದು. ನಾವು ಕುದುರೆಮುಖ ಹಿಡಿದೆವು. ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಗಾಡಿ ನಂಬರ್, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಹೇಳಿದ ಹೊತ್ತಿನೊಳಗೆ ಆಚೆ ಗೇಟು ಮುಟ್ಟಬೇಕು. ನಡುವೆ ಇಳಿದು ಫೋಟೋ, ತಿಂಡಿ ಏನೂ ಇಲ್ಲ. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಿಡೋದೇ ಇಲ್ಲ. ಆದ್ದರಿಂದ ಮಕ್ಕಳಿಗೆ ಗೇಟಿನ ಮುಂಚೆಯೇ ಒಂದಕ್ಕೆ ಹೋಗಿಬರಲು ಹೇಳಿ. ನಮ್ಮ ಮಗಳು ಆಗ ಬೇಡ ಅಂದಳು. ಹತ್ತು ನಿಮಿಷಕ್ಕೆ ಬೇಕು ಅಂದಳು. ಮುಂದಿನ ಗೇಟಿನವರೆಗೆ ಅವಳೂ ಅತ್ತಳು, ನಾನೂ ಅಳೋದೊಂದು ಬಾಕಿ. ಈ ಭಾಗದಲ್ಲಿ ಮೊಬೈಲ್‌ಗೆ ಸಿಗ್ನಲ್ ಇಲ್ಲ, ಫೋನ್‌ಪೇ ನಂಬಿಕೊಂಡು ಬರಬೇಡಿ. ಹತ್ತರ, ಇಪ್ಪತ್ತರ ನೋಟು ಒಂದು ಕಟ್ಟು ಇರಲಿ. ಮಂಗಳಾರತಿ ತಟ್ಟೆಗೂ ಆಗುತ್ತೆ.

ಧರ್ಮಸ್ಥಳ ಸೇರಿದಾಗ ಮಧ್ಯಾಹ್ನ 3. ದರ್ಶನ ಸಂಜೆಗೇ. ಮೊದಲು ರೂಮಿನ ಕೌಂಟರ್‌ಗೆ ಹೋಗಿ ಸಾಲು ನಿಲ್ಲಿ, ಮಿಕ್ಕಿದ್ದೆಲ್ಲ ಆಮೇಲೆ. ಆಧಾರ್ ಕೇಳುತ್ತಾರೆ. ರೂಮು ಸಿಕ್ಕಿತು, ನೇತ್ರಾವತಿಯಲ್ಲಿ ಸ್ನಾನವಾಯಿತು, ಎಲ್ಲರೂ ಮಡಿ ಉಟ್ಟು ನಿಂತೆವು. ಆಗ ಅತ್ತೆ ನನ್ನ ಕಡೆ ತಿರುಗಿ, "ಗಂಟು ಕೊಡು" ಅಂದರು.

"ನಿಮ್ಮತ್ರಾನೇ ಇತ್ತಲ್ಲ ಅತ್ತೆ?"

"ನಿನಗೇ ಕೊಟ್ಟೆನಲ್ಲ."

ಕೊಟ್ಟಿರಲಿಲ್ಲ. ನಾಲ್ಕು ವರ್ಷ ಮೊಳೆಗೆ ನೇತಾಡಿದ ಗಂಟು, ಇಷ್ಟು ದೂರ ಬಂದಿದ್ದೇ ಅದಕ್ಕೋಸ್ಕರ. ನನ್ನ ಬ್ಯಾಗು, ವಾರಗಿತ್ತಿ ಬ್ಯಾಗು, ಪೂಜೆ ಸಾಮಾನಿನ ಡಬ್ಬಿ, ಔಷಧಿ ಕವರ್, ಎಲ್ಲ ಪಾರ್ಕಿಂಗ್ ಜಾಗದಲ್ಲಿ ನೆಲದ ಮೇಲೆ ಸುರಿದೆವು. ಡ್ರೈವರ್ ಅಣ್ಣ ಸೀಟಿನ ಕೆಳಗೆಲ್ಲ ಟಾರ್ಚ್ ಬಿಟ್ಟರು. ಅತ್ತೆ ಮಾತಾಡೋದನ್ನೇ ನಿಲ್ಲಿಸಿಬಿಟ್ಟರು. ಆ ಮುಖ ನಾನು ನೋಡಿದ್ದು ಅದಕ್ಕೆ ಮುಂಚೆ ಒಂದೇ ಸಲ, 2021ರಲ್ಲಿ, ಆಸ್ಪತ್ರೆ ಗೇಟಿನ ಹೊರಗೆ.

ಮಾವ ಮಾತ್ರ ಗಾಡಿಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಹಸಿವು ತಡೆಯಲ್ಲ ಅವರಿಗೆ. ಚೀಲದ ತಳಕ್ಕೆ ಕೈ ಹಾಕಿದವರು ಏನನ್ನೋ ಹಿಡಿದು ಮೇಲೆತ್ತಿದರು. ಹಳದಿ ಬಟ್ಟೆ, ಅದಕ್ಕೆ ಅಂಟಿದ ನಾಲ್ಕು ಮಂಡಕ್ಕಿ. "ಇದೇನು?" ಅಂದರು.

ಚೀಲ ಹೇಗೂ ತನ್ನ ತೊಡೆ ಮೇಲೇ ಇರುತ್ತೆ, ಕಳೆಯಲ್ಲ ಅಂತ ಅತ್ತೆಯೇ ಹಾಕಿ ಮರೆತಿದ್ದರು. ಶೃಂಗೇರಿಯಲ್ಲಿ ಮೂರನೇ ಬೊಗಸೆ ಎಸೆದಿದ್ದರೆ ಮಂಜುನಾಥನ ಮುಡುಪು ತುಂಗೆಯ ಮೀನಿನ ಪಾಲಾಗುತ್ತಿತ್ತೇನೋ. ಅತ್ತೆ ನಗಲೂ ಇಲ್ಲ, ಅಳಲೂ ಇಲ್ಲ. ಗಂಟು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿ ಸಾಲಿನ ಕಡೆ ಹೊರಟುಬಿಟ್ಟರು, ಮಂಡಿನೋವೇ ಇಲ್ಲದವರ ಹಾಗೆ. ಸಾಲು ಎರಡು ಗಂಟೆ ನಡೆಯಿತು. ಗಂಟನ್ನು ಮಾವನ ಕೈಯಲ್ಲೇ ಹುಂಡಿಗೆ ಹಾಕಿಸಿದರು.

ಗುರುವಾರ ಬೆಳಗ್ಗೆ 5ಕ್ಕೇ ಕುಕ್ಕೆಗೆ. ಮೈದುನನ ಹೆಸರಲ್ಲಿ ಸರ್ಪದೋಷದ ಆಶ್ಲೇಷ ಬಲಿ ಪೂಜೆ ಇತ್ತು. ಇದು ಬೆಳಗಿನ ಹೊತ್ತಲ್ಲೇ ಮುಗಿಯುತ್ತೆ. ಸರ್ಪ ಸಂಸ್ಕಾರ ಹಾಗಲ್ಲ. ಅದಕ್ಕೆ ಎರಡು ದಿನ ಅಲ್ಲೇ ಇರಬೇಕು, ಮೊದಲೇ ಬುಕ್ ಆಗಿರಬೇಕು. ಅದನ್ನು ಸುತ್ತಾಟದ ನಡುವೆ ತುರುಕಬೇಡಿ. ಕೌಂಟರ್‌ನಲ್ಲಿ ಹೆಸರು, ನಕ್ಷತ್ರ, ರಾಶಿ, ಗೋತ್ರ ಕೇಳಿದರು. ವಾರಗಿತ್ತಿಯ ನಕ್ಷತ್ರ ಯಾರಿಗೂ ಗೊತ್ತಿಲ್ಲ. ಅವಳ ತವರಿಗೆ ಫೋನ್ ಮಾಡಿದರೆ ಅವರಮ್ಮ, "ಜಾತಕ ಬೀರುನಾಗೈತಿ, ಕೀಲಿ ನಿಮ್ಮಪ್ಪನತ್ರ, ಅವರು ಹೊಲಕ್ಕೆ ಹೋಗ್ಯಾರೆ" ಅಂದರು. ನಮ್ಮ ಹಿಂದಿದ್ದವರು ಗೊಣಗಲು ಶುರು ಮಾಡಿದ್ದರು. ಮನೆಯವರೆಲ್ಲರ ನಕ್ಷತ್ರ, ರಾಶಿ ಒಂದು ಹಾಳೆಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಉಡುಪಿ ಸಲೀಸಾಗಿ ಆಯಿತು. ಕಿಂಡಿಯಲ್ಲಿ ಕೃಷ್ಣನನ್ನು ನೋಡಿದೆವು, ಮಕ್ಕಳಿಗೆ ಮಲ್ಪೆ ಬೀಚ್ ತೋರಿಸಿದೆವು, ಮಲಗಿದೆವು. ರೂಮು ಮಾತ್ರ ದುಬಾರಿ.

ಶುಕ್ರವಾರ ಕೊಲ್ಲೂರು. ಬೆಳಗ್ಗೆ 8ಕ್ಕೆ ಮುಟ್ಟಿದರೂ ಸಾಲು ಹೊರಗೆ ಬಂದಿತ್ತು. ಕೇರಳದ ಬಸ್ಸುಗಳೇ ಸಾಲಾಗಿ ನಿಂತಿದ್ದವು, ಅಂಗಡಿ ಬೋರ್ಡೂ ಮಲಯಾಳದಲ್ಲಿ. ಮೂಕಾಂಬಿಕೆಯ ದರ್ಶನಕ್ಕೆ ಮೂರು ಗಂಟೆ ಹಿಡಿಯಿತು. ಸಿಗಂದೂರಿನಲ್ಲಿ ಮತ್ತೆ ಒಂದೂವರೆ ಗಂಟೆ. ಗುರುವಾರ-ಶುಕ್ರವಾರದ್ದನ್ನು ಅದಲು ಬದಲು ಮಾಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಕೊಲ್ಲೂರು ಕಡೆಯಿಂದ ಬಂದರೆ ಚೌಡೇಶ್ವರಿ ಗುಡಿ ಮೊದಲು ಸಿಗುತ್ತೆ, ಸೇತುವೆ ಆಮೇಲೆ. ಶರಾವತಿ ಹಿನ್ನೀರಿನ ಈ ಸೇತುವೆ ಶುರುವಾಗಿದ್ದು 2025ರ ಜುಲೈ 14ಕ್ಕೆ. 2.44 ಕಿಲೋಮೀಟರ್ ಉದ್ದ. ಮುಂಚೆ ಲಾಂಚ್‌ಗೆ ಗಂಟೆಗಟ್ಟಲೆ ಕಾದಿದ್ದು ನನಗೆ ನೆನಪಿದೆ. ಈಗ ಅದೇ ನೀರನ್ನು ಮೂರು ನಿಮಿಷದಲ್ಲಿ ದಾಟಿದೆವು. ಚಿಕ್ಕತ್ತೆಗೆ ಬೇಜಾರು. "ಲಾಂಚ್ ಮೇಲೆ ಬಸ್ಸು ಹತ್ತೋದು ನೋಡೋಕೇ ಚಂದಿತ್ತು" ಅಂದರು. ಕಾಯೋದು ನೆನಪಾದರೆ ನನಗಂತೂ ಸೇತುವೆಯೇ ಸಾಕು.

ಸಾಗರ, ಶಿವಮೊಗ್ಗ ದಾಟಿ ಮನೆ ಮುಂದೆ ಗಾಡಿ ನಿಂತಾಗ ರಾತ್ರಿ 11:35. "ಐದನೇ ಬಾಟಾ ಉಳೀತು ನೋಡಿ ಅಕ್ಕ" ಅಂತ ಡ್ರೈವರ್ ಅಣ್ಣನೇ ಗಡಿಯಾರ ತೋರಿಸಿದರು. ಆ ಉಳಿದ ದುಡ್ಡಿನಲ್ಲಿ 500 ಅವರ ಜೇಬಿಗೇ ಹೋಯಿತು.

ಖರ್ಚು: ಗಾಡಿ, ಬಾಟಾ ಸೇರಿ 22,400. ಮೂರು ರಾತ್ರಿಯ ರೂಮು 11,200. ತಿಂಡಿ, ಕಾಫಿ 7,400. ಮಧ್ಯಾಹ್ನ, ರಾತ್ರಿ ಊಟ ಹೆಚ್ಚಾಗಿ ದೇವಸ್ಥಾನದಲ್ಲೇ ಆಗಿದ್ದರಿಂದ ಇಷ್ಟಕ್ಕೇ ನಿಂತಿತು. ಪಾರ್ಕಿಂಗ್, ಟೋಲ್, ಮೇಲಿನ ಖರ್ಚು 1,350. ಹೋಂಸ್ಟೇಗೆ ಹೋದ 2,000 ಬೇರೆ. ಒಟ್ಟು 44,350, ತಲೆಗೆ 4 ಸಾವಿರದ ಹತ್ತಿರ. ನಾನು ಅಂದುಕೊಂಡಿದ್ದು 35 ಸಾವಿರ. ಸೇವೆ, ಹುಂಡಿ ಇದರಲ್ಲಿ ಸೇರಿಲ್ಲ. ಅದನ್ನು ಅತ್ತೆ ನನಗೂ ಹೇಳಿಲ್ಲ.

ಶನಿವಾರ ಬೆಳಗ್ಗೆ ದೀಪ ಹಚ್ಚಲು ದೇವರ ಮನೆಗೆ ಹೋದೆ. ಅದೇ ಮೊಳೆಗೆ ಹೊಸ ಹಳದಿ ಗಂಟು ನೇತಾಡುತ್ತಿತ್ತು.

"ಇದು ಯಾರಿಗೆ ಅತ್ತೆ?"

"ನಿನ್ನ ಮಗನಿಗೇ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅಲ್ಲೇನು?"

"ಯಾವ ದೇವರಿಗೆ?"

"ಸಿಗಂದೂರು ಚೌಡವ್ವಗೆ. ಈಗೇನು, ಸೇತುವೆ ಆಗೇತಲ್ಲ."